ಶೇಖರಮ್ಮ ಒಲೆಯ ಮುಂದೆ ಕುಳಿತಳು

೨೦೨೪ ನವೆಂಬರ್ ೧೭, ಭಾನುವಾರ. ಬೆಳಿಗ್ಗೆ ಮಂಜು ಕವಿದಿತ್ತು; ಲಿಂಗಸುಗೂರಿನಲ್ಲಿ ನಾನು ಹತ್ತಿದ ಬಸ್ಸು ಮಸ್ಕಿ ದಾಟುವವರೆಗೂ ದೀಪ ಹಾಕಿಕೊಂಡೇ ಇತ್ತು. ಸಿಂಧನೂರಿನಲ್ಲಿ ಇಳಿಯುವಾಗ ಎಳೆಬಿಸಿಲು.

ಅಕ್ಕ ಶೇಖರಮ್ಮ ಇಂದು ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳಿದ್ದಳು. ನೂರಾ ಮೂವತ್ತು ಕಿಲೋ ದಾಟಿದ ದೇಹವನ್ನು ಮಂಡಿಗಳು ಹೊರಲಾರದೆ, ಮೂರು ವರ್ಷದಿಂದ ಆಕೆ ನೆಲಕ್ಕೆ ಕುಳಿತಿರಲಿಲ್ಲ. ಗಲ್ಲಾದ ಪಕ್ಕದ ಕಬ್ಬಿಣದ ಕುರ್ಚಿಯಿಂದಲೇ ಅಡುಗೆಯವರಿಗೆ ಹೇಳಿ ಮಾಡಿಸುತ್ತಿದ್ದಳು. ರೊಟ್ಟಿ ಬೇರೆಯವರ ಕೈಯದಾಗಿತ್ತು. ಆಕೆಗೆ ಅದೇ ಕೊರಗು. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ಡಾಕ್ಟರನ್ನು ಕೇಳಿದ್ದು ಒಂದೇ: "ತೆಳ್ಳಗಾಗೋದು ಇರ್ಲಿರಿ. ಒಲಿ ಮುಂದ ಕುಂತು, ಯಾರ ಕೈನೂ ಹಿಡೀದಂಗ ಏಳಾಕ ಆಗ್ತೈತೇನ್ರಿ?"

ಹೊಟ್ಟೆಗೆ ಐದು ಸಣ್ಣ ತೂತು ಮಾಡಿ, ದುರ್ಬೀನಿನಲ್ಲಿ ನೋಡುತ್ತ, ಜಠರದ ಬಹುಭಾಗ ತೆಗೆದು ಬಾಳೆಕಾಯಿಯಷ್ಟು ಉಳಿಸಿದರು. ಅದು ಫೆಬ್ರವರಿಯ ಮಾತು. ಅಕ್ಕ ಮನೆಗೆ ಬಂದಾಗ ಆಕೆಯ ಅತ್ತೆ ಹಂಪಮ್ಮ ಹೊರಸು ಹಾಕಿ, ಅದರ ಕೆಳಗೆ ಕೆಂಡ ಇಟ್ಟು, ಡಬ್ಬಿ ತುಂಬ ಅಂಟಿನ ಉಂಡೆ ಕಟ್ಟಿದ್ದರು. ಸೊಸೆಯ ತಲೆಗೆ, ಕಿವಿ ಮುಚ್ಚುವಂತೆ, ಬಟ್ಟೆಯನ್ನೂ ಸುತ್ತಿದರು.

"ಅತ್ತಿ, ನಾ ಹಡದಿಲ್ರಿ."

"ದವಾಖಾನಿಗೆ ದೊಡ್ಡ ಹೊಟ್ಟಿ ಹೊತ್ಕೊಂಡು ಹೋದಿ, ಕೊಯ್ಸ್ಕೊಂಡು ಬಂದಿ. ಬಾಣಂತಿ ಅಲ್ದ ಮತ್ತೇನು? ತಿನ್ನು."

"ಹಂಗಾದ್ರ ಕೂಸು ಎಲ್ಲೈತ್ರಿ?"

ಹದಿನೈದು ದಿನ ತೆಳುವಾದದ್ದನ್ನಷ್ಟೇ ಕುಡಿಯಬೇಕೆಂದು ಡಾಕ್ಟರು ಹೇಳಿದ್ದರು. ಅದನ್ನು ನಾನು ತಿಳಿಸಿದರೂ ಹಂಪಮ್ಮ ಒಪ್ಪಲಿಲ್ಲ. ಉಂಡೆ ಕೆಟ್ಟೀತೆಂಬ ಚಿಂತೆಯೇ ಕೊನೆಗೆ ಗೆದ್ದಿತು. ಆ ವಾರ ಖಾನಾವಳಿಗೆ ಬಂದ ಭತ್ತದ ಲಾರಿಯವರೆಲ್ಲ ಬಾಣಂತಿ ಉಂಡೆ ತಿಂದರು.

ಈಗ ನಲವತ್ತು ಕಿಲೋಗೂ ಹೆಚ್ಚು ಇಳಿದಿದೆ. ಇಂದು ಅಕ್ಕ ಗೋಡೆ ಹಿಡಿದು ಮೆಲ್ಲಗೆ ಒಲೆಯ ಮುಂದೆ ಕುಳಿತಳು. ಮೊದಲ ರೊಟ್ಟಿಯ ಅಂಚು ಹರಿಯಿತು. ಎರಡನೆಯದು ಅಂಗೈ ಕೆಳಗೆ ದುಂಡಗೆ ತಿರುಗಿತು. ಹೊರಗೆ ಊಟಕ್ಕೆ ಕುಳಿತಿದ್ದ ಲಾರಿ ಡ್ರೈವರ್ ಬಂದೇಸಾಬ ತಲೆ ಎತ್ತಿದ.

"ಯಾರದು ಒಳಗ? ಇದು ಅಕ್ಕೋರ ಕೈ ಸಪ್ಪಳ!"

"ಸುಮ್ನ ಉಣ್ಣೋ ಸಾಬಣ್ಣ. ಈ ಸಲ ಉಂಡಿ ಇಲ್ಲ," ಎಂದಳು ಅಕ್ಕ.

ಹಿಟ್ಟು ಮುಗಿಯಿತು. ಇನ್ನು ಏಳಬೇಕು. ಹಂಪಮ್ಮ ಕೈ ಚಾಚಿದರು.

"ಬ್ಯಾಡ್ರಿ ಅತ್ತಿ."

ಅಕ್ಕ ಒಂದು ಅಂಗೈ ನೆಲಕ್ಕೂರಿ, ಮಂಡಿಯ ಮೇಲೆ ಬಂದು, ಎದ್ದು ನಿಂತಳು. ಹಂಪಮ್ಮ ಚಾಚಿದ ಕೈಯಿಂದಲೇ ಸೊಸೆಯ ದೃಷ್ಟಿ ತೆಗೆದು, ನೆಟಿಗೆ ಮುರಿದರು.

ಅಕ್ಕ ಉಂಡದ್ದು ಕಾಲು ರೊಟ್ಟಿ, ಸ್ವಲ್ಪ ಪುಂಡಿಪಲ್ಯ. ಹಂಪಮ್ಮನವರ ಒತ್ತಾಯವೆಲ್ಲ ನನ್ನ ತಾಟಿಗೆ ಬಂತು.

ಖರ್ಚು: ಬಸ್ಸಿಗೆ ಏನೂ ಇಲ್ಲ, ಹೆಂಗಸರಿಗೆ ಉಚಿತ. ಮಸ್ಕಿಯಲ್ಲಿ ಚಹಾ, ಹತ್ತು ರೂಪಾಯಿ. ಅಕ್ಕನಿಗೆ ಮಲ್ಲಿಗೆ, ಮೂವತ್ತು. ಊಟಕ್ಕೆಂದು ಗಲ್ಲಾದ ಮೇಲಿಟ್ಟ ನೂರು ರೂಪಾಯಿ ಮನೆಗೆ ಬಂದು ನೋಡಿದಾಗ ನನ್ನ ಚೀಲದಲ್ಲೇ ಇತ್ತು, ನಾಲ್ಕು ರೊಟ್ಟಿಯ ಜೊತೆ.