ಕೌದಿಯಲ್ಲಿ ಮುಚ್ಚಿದ ಫೋನು

ಮಕ್ಕಳೇ, ನಿಮ್ಮ ಅಮ್ಮ ಆಕಾಶದಲ್ಲಿ ಏನು ಹುಡುಕುತ್ತಾಳೆಂದು ಯಾರಾದರೂ ಕೇಳಿದರೆ ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಅವಳು ತಿಳಿಸಿದಷ್ಟನ್ನು ಬರೆಯುತ್ತೇನೆ. ಬಹಳ ದೂರದಲ್ಲಿ ಯಾವುದೋ ನಕ್ಷತ್ರ ಸಾಯುವಾಗ ಕಣ್ಣಿಗೆ ಕಾಣದ ಎಕ್ಸ್-ರೇ ಬೆಳಕು ಕೆಲವೇ ನಿಮಿಷ ಮಿಂಚಿ ಆರಿಹೋಗುತ್ತದೆ. ಉಪಗ್ರಹ ಅದನ್ನು ಕಂಡು ಸುದ್ದಿ ಕಳಿಸುತ್ತದೆ. ಅದೇ ಜಾಗದಲ್ಲಿ ಮಾಮೂಲಿ ಬೆಳಕೂ ಹೊಸದಾಗಿ ಹೊತ್ತಿದೆಯೇ ಎಂದು ದೂರದರ್ಶಕದಲ್ಲಿ ಬೇಗ ಹುಡುಕಬೇಕು. ಸಿಕ್ಕರೆ ಅದು ಏನು, ಎಷ್ಟು ದೂರ ಎಂದು ತಿಳಿಯುತ್ತದೆ. ತಡವಾದರೆ ಆ ಬೆಳಕೂ ಮಾಸಿಹೋಗುತ್ತದೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ನಾಗಪುರಕ್ಕೆ ಬಂದ ಮೊದಲ ಸಂಕ್ರಾಂತಿ. ಕತ್ತಲಾಗುವ ಹೊತ್ತಿಗೆ ಮನೆಯಲ್ಲಿ ಅರಿಶಿನ-ಕುಂಕುಮ. ಆ ವಾರ ಸುದ್ದಿ ಬಂದರೆ ಗುಡ್ಡದ ಮೇಲಿನ ದೂರದರ್ಶಕವನ್ನು ಅತ್ತ ತಿರುಗಿಸಲು ಹೇಳುವ ಪಾಳಿ ನಿಮ್ಮ ಅಮ್ಮನದು. ಅವಳ ಕೈತುಂಬ ಕುಂಕುಮ.

“ಅವ್ವಾ, ಹೊರಗ ಎಲ್ಲಾರ ಕೂಡ ಕೂಡ್ರು ಬಾ,” ಎಂದಳು.

“ಬ್ಯಾಡವಾ. ಮುತ್ತೈದೇರು ಬರೋ ಹೊತ್ತು.”

“ನಿಂದೊಂದು! ಹಂಗಾರ ಈ ಫೋನ್ ಹಿಡಿ. ಕೂಗಿದ್ರ ಯಾರ ಇದ್ರೂ ಜಲ್ದಿ ನನಗ ತಂದು ಕೊಡು.”

ನಾನು ಒಳಕೋಣೆಯಲ್ಲಿ ಕುಳಿತೆ. ಹೊರಗೆ ನಮ್ಮ ಕಡೆಯವರೇ ಆದ ಬ್ಯಾಂಕಿನವರ ಹೆಂಡತಿ ಎಳ್ಳುಂಡೆ ಕಡಿಯುತ್ತ, “ವಿಜ್ಞಾನಿ ಬಾಯಿ, ಇದನ್ನ ಯಾವ ಗ್ರಹದಿಂದ ತಂದ್ರಿ? ಹಲ್ಲ ಹೋತು!” ಎಂದರು. ಎಲ್ಲರೂ ನಕ್ಕರು. ಆಗಲೇ ಫೋನು ಕೂಗಿತು.

ಬಾಗಿಲವರೆಗೆ ಹೋದೆ. ಹಸಿರು ಬಳೆ, ಹೂವು, ಕುಂಕುಮದ ಹಣೆಗಳು. ಅವರ ನಡುವೆ ಬರಿ ಹಣೆಯಲ್ಲಿ ಹಾಯ್ದು ಹೋಗಬೇಕಿತ್ತು. ಹೊಸ್ತಿಲಿಂದಲೇ ಹಿಂದೆ ಸರಿದೆ. ಕೂಗು ಕೇಳಿ ಯಾರಾದರೂ ಒಳಗೆ ಇಣುಕಿಯಾರೆಂದು ಫೋನನ್ನು ಕೌದಿಯಲ್ಲಿ ಸುತ್ತಿ ಅದರ ಮೇಲೆ ಕೈ ಒತ್ತಿ ಕುಳಿತೆ. ಮತ್ತೆ ಮತ್ತೆ ಅದು ಅಂಗೈಯಡಿ ನಡುಗಿತು.

ಎಲ್ಲರೂ ಹೋದ ಮೇಲೆ ನಿಮ್ಮ ಅಮ್ಮ ಬಂದು ಫೋನು ನೋಡಿದಳು. “ಒಂದೂವರೆ ತಾಸಾತಲ್ಲವಾ! ಕೇಳಲಿಲ್ಲೇನು?”

“ನಿದ್ದಿ ಹತ್ತಿತ್ತು,” ಎಂದೆ.

ಅವಳು ಅವಸರದಿಂದ ಫೋನು ಹಚ್ಚಿದಳು. ಆಕಾಶದ ಆ ಭಾಗ ಆಗಲೇ ಪಶ್ಚಿಮದ ಗುಡ್ಡದ ಹಿಂದೆ ಮುಳುಗಿತ್ತಂತೆ. ಮರುದಿನ ನೋಡಿದಾಗ ಅಲ್ಲಿ ಏನೂ ಉಳಿದಿರಲಿಲ್ಲ. ಜೊತೆಗೆ ಕೆಲಸ ಮಾಡುವವರಿಗೆ ಅವಳು ಫೋನಿನಲ್ಲಿ ಹಿಂದಿಯಲ್ಲಿ, ತಪ್ಪು ತನ್ನದೇ, ಫೋನು ತಾನೇ ಇಟ್ಟುಕೊಳ್ಳಬೇಕಿತ್ತು ಎನ್ನುತ್ತಿದ್ದಳು. ನನಗೆ ಅಷ್ಟು ಹಿಂದಿ ತಿಳಿಯುತ್ತದೆ. ಗೋಡೆಯ ಈಚೆ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡೆ. ಆಮೇಲೆ ಅವಳು ಬಂದು, “ಇರ್ಲಿ ಬಿಡವಾ, ದಣಿದಿದ್ದಿ,” ಎಂದು ನನ್ನ ಬೆನ್ನು ಸವರಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಮಲಗಿರಲಿಲ್ಲ, ಮಕ್ಕಳೇ. ಇದನ್ನು ಅವಳೆದುರು ಹೇಳಲು ಇಷ್ಟು ವರ್ಷವೂ ನಾಲಿಗೆ ಏಳಲಿಲ್ಲ. ಕನ್ನಡ ಓದಲು ನೀವು ತಡವರಿಸುತ್ತೀರಿ, ಈ ಕಾಗದವನ್ನು ಓದಿ ಹೇಳೆಂದು ಅಮ್ಮನನ್ನೇ ಕೇಳುತ್ತೀರಿ. ಹಾಗೆಯೇ ಮಾಡಿರಿ. ಅವಳು ಓದುವಾಗ ನಾನು ಎದ್ದು ಹೋಗುವುದಿಲ್ಲ.