ಮಾವನವರ ಮುಂಡಾಸಿನ ಮೇಲೆ ಜೇನು

ಹಾರಿ ಬಂದ ಜೇನುಹಿಂಡು ನಾನು ಮೇಣ ಸವರಿಟ್ಟಿದ್ದ ಮಡಕೆಯನ್ನು ಬಿಟ್ಟು, ಮಾವಿನ ಮರದಡಿ ಕುಳಿತಿದ್ದ ಮಾವನವರ ಮುಂಡಾಸಿನ ಮೇಲೆ ಇಳಿದೇಬಿಟ್ಟಿತು! ಜೇನು ಹಿಡಿಯಲು ಹೊರಟ ನನಗೆ ಅದೇ ಮೊದಲ ಹಿಂಡು. ಹೇಳಿಕೊಟ್ಟಿದ್ದ ಗಂಡ ಬೆಟ್ಟದ ಅಣೆಕಟ್ಟಿನ ಕೆಲಸಕ್ಕೆ ಗಾಡಿ ಕಟ್ಟಿಕೊಂಡು ಹೋಗಿದ್ದರು. ಮಾವನವರೋ ಕೈಯೆತ್ತಿ ಕೊಡವುವುದರಲ್ಲಿದ್ದರು. ಕೊಡವಿದ್ದರೆ ಮುಖವೆಲ್ಲ ಊದಿಹೋಗುತ್ತಿತ್ತು. ಆದರೆ ನಮ್ಮ ಕಂಬಂ ಕಡೆಯ ಮನೆಗಳಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವಂತಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಹಸುವಿನತ್ತ ತಿರುಗಿ ಕೂಗಿದೆ:

“ಏ ಲಚ್ಚಿ, ಅಲ್ಲಾಡಬ್ಯಾಡ! ಕಣ್ಮುಚ್ಕೊಂಡು ಸುಮ್ನೆ ಕೂತಿರು!”

ಮಾವನವರು ಕಲ್ಲಿನಂತೆ ಕುಳಿತರು. ಮಡಕೆಯನ್ನು ಅವರ ತಲೆಯ ಮೇಲೆ ಬೋರಲು ಹಿಡಿದು, ಕೆಳಗಿನಿಂದ ಬೆರಣಿಯ ಹೊಗೆ ಕೊಟ್ಟೆ. ಹುಳುಗಳು ಸಾಲುಸಾಲಾಗಿ ಮಡಕೆಯೊಳಕ್ಕೆ ಹತ್ತತೊಡಗಿದವು. ನನಗೆ ಭಯವೂ ನಗುವೂ ಒಟ್ಟಿಗೇ ಉಕ್ಕಿ ಬಂದವು. ಆಗ ಮಾವನವರು ಕಣ್ಣು ತೆರೆಯದೆ ಹಸುವಿಗೇ ಹೇಳಿದರು:

“ಲಚ್ಚೀ, ಬಿರ್ನೆ ಮುಗಿಸಕ್ಕೆ ಹೇಳು ಅವ್ಳ್ಗೆ. ಮೂಗು ನವೀತದೆ!”

ಆ ಮಡಕೆ ಈಗ ನಮ್ಮ ಸೂರಿನಡಿ ಗುಂಯ್‌ಗುಡುತ್ತಿದೆ. ಮಾವನವರು ಇಂದಿಗೂ ನನ್ನೊಡನೆ ಮಾತಾಡಿಲ್ಲ. ಆದರೆ ಹಿಂಡು ಹಾರುವ ಸದ್ದು ಕೇಳಿದರೆ ಸಾಕು, ಮುಂಡಾಸು ಸುತ್ತಿಕೊಂಡು ಅದೇ ಮರದಡಿ ಹೋಗಿ ಕೂತುಬಿಡುತ್ತಾರೆ.