ಆಸ್ಪತ್ರೆಯಲ್ಲಿ ಬಿಡ್ತು ಅಂದದ್ದು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಬಳೇಪೇಟೆಯಲ್ಲಿ ಕೈಗಾಡಿ ತಳ್ಳಿ ಓದಿಸಿದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸ್ವಲ್ಪ ಜಂಬವೇ ಇದೆ. ಆದರೆ ಬಿ.ಕಾಂ.ನಲ್ಲಿ ನಗುವುದಕ್ಕೆಂದು ಒಂದು ಪೇಪರ್ ಇರಲಿಲ್ಲ. ಬಸವನಗುಡಿಯ ಖಾಸಗಿ ಆಸ್ಪತ್ರೆಯೊಂದರ ಡಿಸ್ಚಾರ್ಜ್ ಕೌಂಟರಿಗೆ ಸೇರಿದ ಮೇಲೆ ಆ ಕೊರತೆ ಗೊತ್ತಾಯಿತು.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದಕ್ಕೆ ಮುಂಚೆ ನಮಗೆಲ್ಲ ತರಬೇತಿ ಕೊಡಲು ಒಬ್ಬರನ್ನು ಕರೆಸಿದರು. ಅವರು ಅಲ್ಲಿಯವರೆಗೆ ಸೀರೆ ಅಂಗಡಿಯ ಹುಡುಗಿಯರಿಗೆ ನಗಲು ಕಲಿಸಿದವರು. ಹಲ್ಲು ಎಷ್ಟು ಕಾಣಬೇಕು, ಕಣ್ಣು ಎಷ್ಟು ಅರಳಬೇಕು ಎಂದೆಲ್ಲ ಮಾಡಿ ತೋರಿಸಿ, ಬಿಲ್ ಕಟ್ಟಿದ ಪ್ರತಿಯೊಬ್ಬರಿಗೂ "ಧನ್ಯವಾದ, ಮತ್ತೆ ಬನ್ನಿ" ಎನ್ನಲೇಬೇಕು ಎಂದರು.

"ಸಾರ್, ಇದು ಆಸ್ಪತ್ರೆ. ಮತ್ತೆ ಬನ್ನಿ ಅಂದ್ರೆ ಹೊಡೀತಾರೆ," ಎಂದೆ.

"ನೆಗೆಟಿವ್ ಆಗಿ ಯೋಚಿಸ್ಬಾರ್ದು ಮೇಡಂ. ಫೀಲ್ ಮಾಡಿ ಹೇಳಿ, ಅಷ್ಟೆ."

ಫೀಲ್ ಮಾಡಿದೆ. ಸಂಜೆ ಮಾವಳ್ಳಿಯ ಮನೆ ಸೇರುವಾಗ ಕೆನ್ನೆ ಹಿಡಿದುಕೊಂಡಿರುತ್ತಿತ್ತು. "ಯಾಕೇ ಮುಖ ಗಂಟು ಹಾಕ್ಕೊಂಡಿದೀಯ?" ಎಂದು ಅಮ್ಮ ಕೇಳಿದರೆ, "ಡ್ಯೂಟಿ ಮುಗೀತಮ್ಮ," ಎನ್ನುತ್ತಿದ್ದೆ.

ನನ್ನನ್ನು ಖಾಯಂ ಮಾಡಬಹುದೋ ಇಲ್ಲವೋ ನೋಡಲು ಸೂಪರ್‌ವೈಸರ್ ಮೇಡಂ ಬೆನ್ನ ಹಿಂದೆ ಬಂದು ನಿಂತ ದಿನವೇ ಒಬ್ಬ ಅಜ್ಜಿ ಗಂಡನನ್ನು ಮನೆಗೆ ಕರೆದೊಯ್ಯಲು ಬಂದರು. ತಾತ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದರು. ನಾನು ಕಣ್ಣರಳಿಸಿ, "ಧನ್ಯವಾದ ಅಜ್ಜಿ, ಮತ್ತೆ ಬನ್ನಿ," ಎಂದೆ.

"ಏನಂದೆ? ಬಿಡ್ತು ಅನ್ನು!"

ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಅನ್ನಬೇಕೆಂಬುದು ನನಗೇನು ಹೊಸದಲ್ಲ. ಆದರೆ ಕಲಿಸಿದ್ದರ ಆಚೆ ಒಂದು ಮಾತೂ ಆಡಕೂಡದೆಂದು ಅಪ್ಪಣೆಯಾಗಿತ್ತು. ಇನ್ನಷ್ಟು ನಕ್ಕೆ.

"ನಗ್ತಾಳೆ ಬೇರೆ! ಅನ್ನೋವರ್ಗೂ ನಾನು ಕದಲಲ್ಲ."

"ಅಂದ್ಬಿಡಮ್ಮ, ಹೊರಗೆ ಆಟೋ ಕಾಯ್ತಿದೆ," ಎಂದರು ಸಾಲಿನಲ್ಲಿ ಹಿಂದೆ ನಿಂತವರು.

"ಕನ್ನಡ ಬರಲ್ವೇನೋ, ಪಾಪ," ಎಂದರು ಮತ್ತೊಬ್ಬರು.

ತಾತ ಮಾತ್ರ, "ಅಷ್ಟು ಕರೀತಿದಾಳೆ, ಬರೋಣ ಬಿಡೇ. ಇಲ್ಲಿ ಉಪ್ಪಿಟ್ಟು ನಿಂದಕ್ಕಿಂತ ವಾಸಿ," ಎಂದರು. ಅಜ್ಜಿಯ ಕಣ್ಣು ತುಂಬಿಬಂತು.

ಅದನ್ನು ನೋಡಿಕೊಂಡು ಹಲ್ಲು ಕಿರಿಯುವುದು ನನ್ನಿಂದಾಗಲಿಲ್ಲ. ಎದ್ದು ನಿಂತು ಗಟ್ಟಿಯಾಗಿಯೇ ಹೇಳಿದೆ: "ಬಿಡ್ತು ಅಜ್ಜಿ. ಇನ್ನು ಈ ಕಡೆ ತಲೆ ಹಾಕ್ಬೇಡಿ."

"ಹಾಂ, ಈಗ ಮನುಷ್ಯರ ಥರ ಮಾತಾಡ್ದೆ," ಎಂದು ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದು ಹೊರಟರು.

"ಪೇಷೆಂಟ್‌ನ ಬರ್ಬೇಡಿ ಅಂತೀರಲ್ರೀ!" ಎಂದರು ಸೂಪರ್‌ವೈಸರ್ ಮೇಡಂ. ನನ್ನ ಕೆಲಸ ಖಾಯಂ ಆಗುವುದು ಮುಂದಕ್ಕೆ ಹೋಯಿತು. ಈಗಲೂ ಹೋಗುತ್ತಲೇ ಇದೆ.

ಅಂದು ಮನೆಯಲ್ಲಿ ಅಪ್ಪ ಕಾರಣ ಕೇಳಿದರು. "ಬಾಯಿ ಜಾಸ್ತಿಯಂತೆ," ಎಂದೆ.

ಅಮ್ಮ ಅಡುಗೆಮನೆಯಿಂದಲೇ, "ಅದು ನಮ್ಮನೇಲಿ ಓದ್ದೇ ಇರೋರಿಗೂ ಇದೆ. ಇವಳಿಗೆ ಅದಕ್ಕೊಂದು ಡಿಗ್ರಿ ಬೇರೆ ಕೊಡಿಸಿದ್ರಲ್ಲ ನೀವು!" ಎಂದರು.